ಒಂಟಿಗಾಲಿನ ರೋಬೋ ಮತ್ತು ಬೆಂಕಿಪೊಟ್ಟಣ

ಕೊಳ್ಳೇಗಾಲದ ಪೇಟೆಬೀದಿಯಲ್ಲಿ ಗುರುಪಾದ ಅಂತ ಒಬ್ಬ ವಾಚ್ ರಿಪೇರಿಯವನಿದ್ದ. ಅವನ ಕೈಯೆಂದರೆ ಕೈ. ಇರುವೆಯ ಕಾಲಿಗೆ ಗೆಜ್ಜೆ ಕಟ್ಟಿಕೊಡು ಅಂದರೂ ಕಟ್ಟಿಕೊಡುತ್ತಿದ್ದ, ಅಷ್ಟು ನಯ. ಬೆರಳು ಒಂದು ದಿನವೂ ನಡುಗಿದ್ದಿಲ್ಲ. ನಿಂತುಹೋದ ಗಡಿಯಾರವನ್ನು ಕಿವಿಗೆ ಹಿಡಿದು, ಮಗುವನ್ನು ಕೇಳುವ ಹಾಗೆ "ಎಲ್ಲಪ್ಪ ನೋವು?" ಅಂತ ಕೇಳುತ್ತಿದ್ದ. ಸಂಜೆ ಹೊತ್ತಿಗೆ ಅದು ಟಿಕ್ ಟಿಕ್ ಅಂತ ಉತ್ತರ ಕೊಡುತ್ತಿತ್ತು.

ಮದುವೆ ಗಿದುವೆ ಅವನು ಮಾಡಿಕೊಳ್ಳಲಿಲ್ಲ. ಚಿಕ್ಕಂದಿನಿಂದ ಸಾಕಿದವಳು ಸೋದರತ್ತೆ ಚೆನ್ನಾಜಮ್ಮ. ಮುಂದೆ ಅಪ್ಪ ಬಿಟ್ಟುಹೋದ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅತ್ತೆ ಆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ಬಂದವರನ್ನೆಲ್ಲ ಮಾತಾಡಿಸುತ್ತಾ ಇರುತ್ತಿದ್ದಳು.

ಈ ಗುರುಪಾದನಿಗೆ ಒಂದು ಹುಚ್ಚು. ಇಸ್ಪೀಟಿನ ಹುಚ್ಚಲ್ಲ, ಕುಡಿತದ ಹುಚ್ಚಲ್ಲ. ಜಪಾನಿನ ಪುಟಾಣಿ ರೋಬೋಗಳ ಹುಚ್ಚು. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ, ರೇಷ್ಮೆ ಹುಳ ಸಾಕುವ ಪಾಠ ಹೇಳಲು ಜಪಾನಿನಿಂದ ಒಬ್ಬ ಮೇಷ್ಟರು ಆ ಕಡೆಗೆ ಬಂದಿದ್ದರು. ಅವರ ವಾಚು ನಿಂತುಹೋಗಿತ್ತು. ಗುರುಪಾದ ಸರಿಮಾಡಿಕೊಟ್ಟ. ಮೇಷ್ಟರು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಜೇಬಿನಿಂದ ಹೆಬ್ಬೆರಳುದ್ದದ ಒಂದು ಕೆಂಪು ರೋಬೋ ತೆಗೆದು ಮೇಜಿನ ಮೇಲೆ ನಿಲ್ಲಿಸಿ ಹೋದರು. ಅಷ್ಟೇ. ಆವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಗೊತ್ತಾಯಿತು, ಆ ಕೆಂಪನಿಗೆ ಇನ್ನೂ ಆರು ಜನ ಅಣ್ಣತಮ್ಮಂದಿರು ಇದ್ದಾರೆ ಅಂತ. ಏಳೂ ಜನ ಕೈಕಾಲು ಮಡಚಿಕೊಂಡು ಒಬ್ಬರಿಗೊಬ್ಬರು ಸೇರಿಕೊಂಡರೆ ಒಂದು ಗೇಣುದ್ದದ ದೊಡ್ಡ ರೋಬೋ ಆಗುತ್ತದೆ. ಕೆಂಪನೇ ತಲೆ, ಬಿಳಿಯನೇ ಎದೆ, ಹಸಿರ ಸೊಂಟ, ಹಳದಿಯೂ ಕಿತ್ತಳೆಯೂ ಎರಡು ಕೈ, ಕಪ್ಪ ಎಡಗಾಲು, ನೀಲಿ ಬಲಗಾಲು. ಗುರುಪಾದ ಒಂದೊಂದನ್ನೇ ಹುಡುಕಿದ. ಒಂದು ಮೈಸೂರಿನ ಗುಜರಿಯಲ್ಲಿ ಸಿಕ್ಕಿತು. ಇನ್ನೊಂದು ಯಾರದೋ ಮನೆ ಖಾಲಿ ಮಾಡುವಾಗ ಪೌಡರ್ ಡಬ್ಬಿಯೊಳಗೆ ಸಿಕ್ಕಿತು. ಹೀಗೆ ಆರು ಜನ ಕೂಡಿದರು. ಏಳನೆಯವನು, ಆ ನೀಲಿ ಬಲಗಾಲು, ಮಾತ್ರ ಸಿಗಲೇ ಇಲ್ಲ.

ಹಾಗಾಗಿ ದೊಡ್ಡ ರೋಬೋ ಗಾಜಿನ ಬೀರುವಿನೊಳಗೆ ಒಂಟಿಗಾಲಿನಲ್ಲಿ ನಿಂತಿತ್ತು. ಬೀಳದಿರಲಿ ಅಂತ ಬಲಗಾಲಿನ ಜಾಗಕ್ಕೆ ಒಂದು ಬೆಂಕಿಪೊಟ್ಟಣ ಆನಿಸಿದ್ದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹನ್ನೊಂದು ವರ್ಷ.

"ನನ್ ಬೆಂಕಿಪೊಟ್ಣ ಕೊಡೋ ಕೂಸು" ಅಂತ ಅತ್ತೆ ಆಗಾಗ ಕೇಳುತ್ತಿದ್ದಳು. "ಅವತ್ತು ತುಂಬಿದ ಪೊಟ್ಣ ಎತ್ಕಂಡು ಹೋದೆ."

"ಕಾಲು ಸಿಕ್ಕಿದ ದಿನ ಕೊಡ್ತೀನಿ ಅತ್ತೆ."

"ಆ ಕಾಲು ಹುಡುಕೋ ಹೊತ್ಗೆ ಒಂದು ಹೆಣ್ಣು ಹುಡುಕಿದ್ರೆ ಈಗ ಮೊಮ್ಮಕ್ಕಳು ನನ್ ಕಾಲು ಒತ್ತಾ ಇರ್ತಿದ್ವು!"

ಈಗಲೂ ಅಂಥವೇ ಅಂಗಡಿಯಲ್ಲಿ ಸಿಗುತ್ತವಲ್ಲ ಅಂತ ನೀವು ಕೇಳಬಹುದು. ಸಿಗುತ್ತವೆ, ಆ ಕಂಪನಿಯವರು ಆಮೇಲೆ ಎರಡನೇ ಸಲವೂ ಮಾಡಿ ಬಿಟ್ಟರು. ಆದರೆ ಹೊಸದು ಹಗುರ, ಮಿರಮಿರ ಮಿಂಚುತ್ತದೆ. ಹಳೆಯದರ ಅಂಗಾಲಲ್ಲಿ ಅಕ್ಕಿಕಾಳಿನಷ್ಟು ಒಂದು ಮುದ್ರೆ ಇರುತ್ತದೆ. ಗುರುಪಾದ ಒಂದು ಹೊಸ ನೀಲಿಯನ್ನು ತರಿಸಿಯೂ ನೋಡಿದ್ದ. ಅದರ ಗೂಟ ಹಳೆಯದರ ತೂತಿಗೆ ಕೂರಲೇ ಇಲ್ಲ. ಬೀಗರ ಮನೆಯ ಚಪ್ಪಲಿ ಹಾಕಿಕೊಂಡ ಹಾಗೆ ಲೊಡಲೊಡ ಅಂತಿತ್ತು.

ಹೀಗಿರುವಾಗ ಇದೇ ಹುಚ್ಚಿನ ಹಾಸನದ ರೆಜಿನಾ ಟೀಚರ್ ಫೋನಿನಲ್ಲಿ ಸಿಕ್ಕರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವರು. ಅವರ ತಮ್ಮ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ರಜಕ್ಕೆ ಬರುವಾಗೆಲ್ಲ ಅಕ್ಕನಿಗೆ ಅಂತ ಒಂದೊಂದು ರೋಬೋ ತರುತ್ತಿದ್ದ. ಅವರ ಹತ್ತಿರ ಹಳೆಯ ಮುದ್ರೆಯ ನೀಲಿ ಎರಡು ಇದ್ದವು, ಬಿಳಿ ಒಂದೂ ಇರಲಿಲ್ಲ. ಗುರುಪಾದನ ಹತ್ತಿರ ಬಿಳಿ ಎರಡು. ಒಂದು ದೊಡ್ಡ ರೋಬೋದ ಎದೆಯಾಗಿ ಕೂತು, ಬಿಸಿಲು ಕಂಡು, ಹಳೇ ಹಲ್ಲಿನ ಹಾಗೆ ಹಳದಿಗೆ ತಿರುಗಿತ್ತು. ಇನ್ನೊಂದು ಕವರಿನೊಳಗೇ ಇದ್ದದ್ದು, ಹಾಲಿನ ಹಾಗಿತ್ತು.

ಫೋನಿನಲ್ಲಿ ಟೀಚರ್ ಹೇಳಿದರು, "ನಮ್ಮನೇದಕ್ಕೆ ಎದೇನೇ ಇಲ್ಲ ಕಣ್ರೀ. ತಲೆಗೂ ಸೊಂಟಕ್ಕೂ ರಬ್ಬರ್ ಬ್ಯಾಂಡ್ ಹಾಕಿ ನಿಲ್ಸಿದ್ದೀನಿ."

"ನಮ್ಮದು ಬೆಂಕಿಪೊಟ್ಟಣದ ಮೇಲೆ ನಿಂತಿದೆ ಟೀಚರ್!"

ಇಬ್ಬರೂ ನಕ್ಕರು. ನಿಮ್ಮ ನೀಲಿ ನನಗೆ, ನನ್ನ ಬಿಳಿ ನಿಮಗೆ ಅಂತ ಮಾತಾಯಿತು. ಉತ್ಸಾಹದಲ್ಲಿ ಗುರುಪಾದ ಒಂದು ಮಾತು ಹೆಚ್ಚಿಗೆ ಆಡಿಬಿಟ್ಟ. "ಒಂದು ಚುಕ್ಕೆ ಇಲ್ಲ ಟೀಚರ್. ಭೂತಕನ್ನಡಿ ಹಿಡಿದು ನೋಡಿ. ಚುಕ್ಕೆ ಸಿಕ್ಕಿದರೆ ನನ್ನ ಹೆಸರು ಗುರುಪಾದ ಅಲ್ಲ."

"ಕೊರಿಯರ್‌ನೋರು ಎಸೆದಾಡ್ತಾರೆ. ವಿಜಯದಶಮಿ ದಿನ ನಾನೇ ಬರ್ತೀನಿ" ಅಂದರು ಟೀಚರ್.

ವಿಜಯದಶಮಿಯ ಹಿಂದಿನ ದಿನ ಏನು? ಆಯುಧಪೂಜೆ. ಎಡವಟ್ಟಾದದ್ದೇ ಅಲ್ಲಿ.

ಆಯುಧಪೂಜೆಯ ದಿನ ಬೆಳಿಗ್ಗೆ ಗುರುಪಾದ ತನ್ನ ಸಾಮಾನನ್ನೆಲ್ಲ ತೊಳೆದು ಒರೆಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಚಿಮಟ, ಸ್ಕ್ರೂಡ್ರೈವರ್, ಪುಟ್ಟ ಸುತ್ತಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಕನ್ನಡಿ. ನಾಳೆ ಟೀಚರ್ ಬರುತ್ತಾರೆ, ಒಂದು ಸಲ ಧೂಳು ಒರೆಸಿಡೋಣ ಅಂತ ಬಿಳಿ ರೋಬೋವನ್ನೂ ಕವರಿನಿಂದ ತೆಗೆದು ಅಲ್ಲೇ ಮೇಜಿನ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ನೆನಪಾಯಿತು, ಬೂದುಗುಂಬಳ ತಂದಿಲ್ಲ! ಹತ್ತು ನಿಮಿಷದಲ್ಲಿ ಬಂದೆ ಅಂತ ಚೀಲ ಹಿಡಿದು ಓಡಿದ. ಹಬ್ಬದ ದಿನದ ಪೇಟೆ, ಹತ್ತು ನಿಮಿಷ ಅನ್ನುವುದು ಮುಕ್ಕಾಲು ಗಂಟೆಯಾಯಿತು.

ಈ ಕಡೆ ಚೆನ್ನಾಜಮ್ಮ ಪೂಜೆಯ ತಟ್ಟೆ ಹಿಡಿದು ಅಂಗಡಿಗೆ ಬಂದಳು. ಕಬ್ಬಿಣದ ಮೇಲೆ ಒಣ ಕುಂಕುಮ ನಿಲ್ಲುವುದಿಲ್ಲ ಅಂತ ಹರಳೆಣ್ಣೆಯಲ್ಲಿ ಕಲಸಿಕೊಂಡಿದ್ದಳು. ಚಿಮಟಕ್ಕೆ ವಿಭೂತಿ, ಒಂದು ಬೊಟ್ಟು. ಸುತ್ತಿಗೆಗೆ ವಿಭೂತಿ, ಒಂದು ಬೊಟ್ಟು. ಸ್ಕ್ರೂಡ್ರೈವರಿಗೆ ವಿಭೂತಿ, ಒಂದು ಬೊಟ್ಟು. ಅದರ ಪಕ್ಕದಲ್ಲಿ ಬೆಳ್ಳಗೆ ನಿಂತಿದ್ದವನ ಹಣೆಗೂ ಅಷ್ಟೇ ಪ್ರೀತಿಯಿಂದ ವಿಭೂತಿ, ಒಂದು ದೊಡ್ಡ ಬೊಟ್ಟು. ತಲೆಯ ಮೇಲೆ ಒಂದು ಸೇವಂತಿಗೆ ಎಸಳು ಬೇರೆ.

ಗುರುಪಾದ ಬಾಗಿಲಲ್ಲಿ ನಿಂತು ನೋಡಿದ. ಕೈಯಲ್ಲಿದ್ದ ಬೂದುಗುಂಬಳ ಜಾರಿ, ಒಡೆಯುವ ಹೊತ್ತಿಗೆ ಮುಂಚೆಯೇ ಒಡೆದುಹೋಯಿತು.

"ಅತ್ತೇ!"

"ಯಾಕ್ ಕೂಸು? ಚೆಂದಾಗ್ ಕಾಣ್ತದಲ್ವಾ?" ಅತ್ತೆಯ ಮುಖ ದೀಪದ ಹಾಗೆ ಬೆಳಗುತ್ತಿತ್ತು. "ಸ್ಕ್ರೂಡ್ರೈವರು ಪಕ್ಕದಲ್ಲೇ ನಿಂತಿತ್ತು. ಇದೂ ನಿನ್ ಕೂಡ ಕೆಲಸ ಮಾಡೋದೇ ಅಂದ್ಕಂಡಿ. ಎಲ್ಲಕ್ಕೂ ಇಟ್ಟು ಇದಕ್ಕೊಂದ್ಕೆ ಇಡದೆ ಇದ್ರೆ ನೊಂದ್ಕಳಲ್ವಾ ಪಾಪ?"

ಆ ಮುಖ ನೋಡಿ ಬೈಯುವುದಾದರೂ ಹೇಗೆ?  ಗುರುಪಾದ ಬೇಗ ಒರೆಸಿಬಿಡೋಣ ಅಂತ ಕೈ ಚಾಚಿದ. ಅತ್ತೆ ಪಟ್ ಅಂತ ಕೈಗೊಂದು ಕೊಟ್ಟಳು.

"ಪೂಜೆಗಿಟ್ಟ ಆಯುಧಾನ ಇವತ್ತು ಎತ್ತದಾ? ನಿಮ್ಮಪ್ಪ ಒಂದ್ ದಿನ ಎತ್ತಿದ್ನಾ? ನಾಳೆ ಬೆಳಗಾಗ್ಲಿ."

ಅದು ಆ ಅಂಗಡಿಯ ಪದ್ಧತಿ. ಆ ದಿನ ಯಾವ ಸಾಮಾನಿಗೂ ಕೆಲಸವಿಲ್ಲ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಅಪ್ಪನ ಕಾಲದಿಂದ ನಡೆದುಬಂದದ್ದು. ಗುರುಪಾದ ಆ ದಿನವೆಲ್ಲ ಕಡ್ಲೆಪುರಿ ತಿನ್ನುತ್ತಾ, ಮೇಜಿನ ಎದುರಿಗೇ ಕೂತು, ಆ ಕೆಂಪು ಬೊಟ್ಟನ್ನು ನೋಡುತ್ತಾ ಕಳೆದ. ಬೊಟ್ಟು ಸುಮ್ಮನಿತ್ತೇ? ಒಳಗೊಳಗೇ ಇಳಿಯುತ್ತಿತ್ತು.

ಮಾರನೆಯ ದಿನ ಅತ್ತೆ ಕೈಮುಗಿದು ಸಾಮಾನುಗಳನ್ನು ಎತ್ತಿಕೊಟ್ಟದ್ದೇ ತಡ, ಗುರುಪಾದ ರೋಬೋ ಹಿಡಿದು ಬಚ್ಚಲಿಗೆ ಓಡಿದ. ಸೋಪು ಹಾಕಿದ. ವಿಭೂತಿ ಹೋಯಿತು, ಬೊಟ್ಟು ಹೋಗಲಿಲ್ಲ. ಹಲ್ಲುಪುಡಿ ಹಾಕಿದ. ನಿಂಬೆಹಣ್ಣು ಹಚ್ಚಿದ. ಬೊಟ್ಟು ಹಾಗೇ ಕೂತಿತ್ತು, ಹಣೆಬರಹದ ಹಾಗೆ.

ಈಗ ಏನು ಮಾಡುವುದು? ಟೀಚರ್ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ನೋಡಿ ಏನಂದಾರು? ಗುರುಪಾದನಿಗೆ ತನ್ನದೇ ನೆನಪಾಯಿತು. ಹಿಂದೊಮ್ಮೆ ತುಮಕೂರಿನವನೊಬ್ಬ ಕಳಿಸಿದ್ದ ರೋಬೋದ ಬೆನ್ನಿನಲ್ಲಿ ಕೂದಲೆಳೆಯಷ್ಟು ಗೀರು ಇದೆ ಅಂತ ಅದನ್ನು ವಾಪಸು ಕಳಿಸಿದ್ದ. ಅವನು ಫೋನಿನಲ್ಲಿ ಎಷ್ಟು ಬೇಡಿಕೊಂಡರೂ ಕೇಳಿರಲಿಲ್ಲ. ತಾನೇ ಅಂಥವನಾದ ಮೇಲೆ ಬೇರೆಯವರು ಬಿಟ್ಟಾರೆಯೇ? ಟೀಚರ್ ನೀಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದ ದಾರಿ ಹಿಡಿಯುತ್ತಾರೆ. ಇನ್ನೂ ಹನ್ನೊಂದು ವರ್ಷ ಬೆಂಕಿಪೊಟ್ಟಣ!

ಗಡಿಯಾರದ ಮುಖಕ್ಕೆ ಹಚ್ಚುವ ಬಿಳಿ ಬಣ್ಣದ ಡಬ್ಬಿ ಮೇಜಿನ ಕೆಳಗೇ ಇತ್ತು. ಗುರುಪಾದ ಅದನ್ನು ನೋಡಿದ, ಆ ಕಡೆ ತಿರುಗಿದ, ಮತ್ತೆ ನೋಡಿದ. ಆಮೇಲೆ ಮುಚ್ಚಳ ತೆಗೆದ. ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ನಾಲ್ಕೇ ಕೂದಲಿನ ಕುಂಚದಿಂದ ಬೊಟ್ಟಿನ ಮೇಲೆ ಬಣ್ಣ ಎಳೆದ. ಅವನ ಕೈಯಲ್ಲವೇ, ಬೊಟ್ಟು ಇದ್ದ ಸುಳಿವೇ ಇಲ್ಲದ ಹಾಗೆ ಮಾಯವಾಯಿತು.

"ಏನ್ ಬಳೀತಿದ್ದಯ್ಯ ಬೆಳಬೆಳಿಗ್ಗೆ?" ಅಂದಳು ಅತ್ತೆ ಬಾಗಿಲಿನಿಂದ.

"ಗಡಿಯಾರದ ಅಂಕಿ, ಅತ್ತೆ."

ಅತ್ತೆಗೆ ಅವನು ಹೇಳಿದ ಮೊದಲ ಸುಳ್ಳು ಅದು. 

ಹನ್ನೆರಡು ಗಂಟೆಗೆ ರೆಜಿನಾ ಟೀಚರ್ ಬಂದರು. ಗುಂಗುರು ಬಿಳಿ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಹಾಸನದಲ್ಲಿ ಮೊದಲ ಬಸ್ಸು ಹತ್ತಿ, ಮೈಸೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು ಬಂದಿದ್ದರೂ ಆಗತಾನೇ ಸ್ನಾನ ಮಾಡಿ ಬಂದವರ ಹಾಗಿದ್ದರು. ಬೀರುವಿನಲ್ಲಿದ್ದ ಒಂಟಿಗಾಲಿನವನನ್ನು ಕಂಡು ಅಂಗೈ ಬಡಿದು ನಕ್ಕರು.

"ಅಯ್ಯೋ, ಫೋನಲ್ಲಿ ಹೇಳಿದ್ದು ನಿಜಾನಾ! ನಾನು ತಮಾಷೆ ಅಂದ್ಕೊಂಡಿದ್ದೆ!"

"ನನ್ ಪೊಟ್ಣ ಅದು" ಅಂದಳು ಚೆನ್ನಾಜಮ್ಮ. "ನೀವೇ ಹೇಳಿ ಬುಡಿಸ್ಕೊಡಿ ತಾಯಿ."

ಅತ್ತೆ ಪುರಿ, ಬಾಳೆಹಣ್ಣು, ಬೆಲ್ಲ ತಂದಿಟ್ಟಳು. ಟೀಚರ್ ಹೆಗಲಚೀಲದಿಂದ ಕನ್ನಡಕದ ಡಬ್ಬಿ ತೆಗೆದರು. ಅದರೊಳಗೆ ಹತ್ತಿಯ ಹಾಸಿಗೆ. ಹಾಸಿಗೆಯ ಮೇಲೆ ನೀಲಿ! ಹನ್ನೊಂದು ವರ್ಷ ಕಾದ ನೀಲಿ! ಗುರುಪಾದನ ಎದೆ ಗೋಡೆ ಗಡಿಯಾರದ ಹಾಗೆ ಹೊಡೆದುಕೊಂಡಿತು. ಕೈ ಚಾಚಿದ.

"ತಡೀರಿ" ಅಂದರು ಟೀಚರ್. "ಕೊಡೋಕೆ ಮುಂಚೆ ಒಂದು ಮಾತು. ಮೊನ್ನೆ ಪ್ಯಾಕ್ ಮಾಡುವಾಗ ನೋಡ್ದೆ, ಇದರ ಗೂಟದಲ್ಲಿ ಸಣ್ಣ ಬಿರುಕು ಇದೆ. ಫೋನಲ್ಲಿ ಮಾತಾಡುವಾಗ ನನಗೂ ಗೊತ್ತಿರ್ಲಿಲ್ಲ. ಬರೀ ಕಣ್ಣಿಗೆ ಕಾಣಲ್ಲ. ಆದ್ರೆ ಹಾಗೇ ಒತ್ತಿದ್ರೆ ಮುರಿದುಹೋಗತ್ತೆ. ನೋಡಿ, ಬೇಡ ಅನ್ಸಿದ್ರೆ ಬೇಡ ಅನ್ನಿ, ನಂಗೇನೂ ಬೇಜಾರಿಲ್ಲ. ನಿಮ್ಮ ಅತ್ತೆ ಕೈಯ ಪುರಿ ತಿಂದೆನಲ್ಲ, ಬಸ್ ಚಾರ್ಜಿಗೆ ಸರಿಹೋಯ್ತು."

 "ಬಿರುಕು ನಾನು ಸರಿಮಾಡ್ಕೊತೀನಿ ಟೀಚರ್" ಅಂದ ಗುರುಪಾದ, ನೆಲ ನೋಡುತ್ತಾ. ಬಿಳಿಯನ್ನು ಅವರ ಮುಂದಿಟ್ಟ. "ನೀವೂ ನೋಡಿಕೊಳ್ಳಿ."

"ನೋಡೋದೇನು? ಒಂದು ಚುಕ್ಕೆ ಇಲ್ಲ ಅಂತ ನೀವೇ ಹೇಳಿದ್ದೀರಲ್ಲ." ಟೀಚರ್ ಬಿಳಿಯನ್ನು ಎತ್ತಿ, ಕಣ್ಣೂ ಹಾಯಿಸದೆ, ಹತ್ತಿಯ ಹಾಸಿಗೆಯ ಮೇಲೆ ಮಲಗಿಸಿ ಡಬ್ಬಿ ಮುಚ್ಚಿದರು. "ಒಂದೂವರೆಗೆ ಬಸ್ಸಿದೆ. ಅಷ್ಟರಲ್ಲಿ ನಿಮ್ಮ ದೊಡ್ಡವನು ಎರಡೂ ಕಾಲಲ್ಲಿ ನಿಲ್ಲೋದು ನೋಡ್ಬೇಕಲ್ಲ ನಾನು!"

ಗುರುಪಾದ ಭೂತಕನ್ನಡಿ ಸಿಕ್ಕಿಸಿಕೊಂಡ. ಹೌದು, ಗೂಟದಲ್ಲಿ ಕೂದಲೆಳೆಯಂಥ ಬಿರುಕು. ಟೀಚರ್ ಹೇಳದೆ ಇದ್ದಿದ್ದರೆ ಆಸೆಯಲ್ಲಿ ಒತ್ತಿಬಿಡುತ್ತಿದ್ದ. ಒತ್ತಿದ್ದರೆ ಪಟ್ ಅಂತ ಮುರಿದು, ಗೂಟ ತೂತಿನೊಳಗೇ ಉಳಿದು, ಎರಡೂ ಹಾಳಾಗುತ್ತಿದ್ದವು. ಕೈಯಲ್ಲಿ ತಿರುಗಿಸುವ ಪುಟ್ಟ ಬೈರಿಗೆಯಿಂದ ಗೂಟದ ನಡುವೆ ತೂತು ಕೊರೆದ. ವಾಚಿನ ಪಟ್ಟಿಗೆ ಹಾಕುವ ಪಿನ್ನಿನ ತುಂಡೊಂದನ್ನು ಅದರೊಳಗೆ ಇಳಿಸಿದ. ಒಂದು ಹನಿ ಅಂಟು. ಗೂಟ ಈಗ ಮೊದಲಿಗಿಂತ ಗಟ್ಟಿ.

ಇನ್ನು ಉಳಿದದ್ದು ಕಾಲು ಸಿಕ್ಕಿಸುವುದು. ಬೀರುವಿನಿಂದ ದೊಡ್ಡವನನ್ನು ತಂದು ಮೇಜಿನ ಮೇಲಿಟ್ಟ, ಬೆಂಕಿಪೊಟ್ಟಣದ ಸಮೇತ. ನೀಲಿಯನ್ನು ಬೆರಳ ತುದಿಯಲ್ಲಿ ಹಿಡಿದ. ತೂತಿನ ಹತ್ತಿರ ತಂದ.

ಕೈ ನಡುಗಿತು.

ಇನ್ನೊಮ್ಮೆ ಹಿಡಿದ. ಮತ್ತೆ ನಡುಗಿತು. ಎಂಥೆಂಥ ಸಣ್ಣ ಚಕ್ರಗಳನ್ನು ಕೂರಿಸಿದ ಕೈ, ಇವತ್ತು ಒಂದು ಗೂಟ ಕೂರಿಸಲಾರದೆ ತಡವರಿಸುತ್ತಿತ್ತು.

"ಏನಾಯ್ತ್ ಕೂಸು? ಪುರಿ ಜೊತೆ ಏನಾರ ತಿನ್ನು, ನಿಶ್ಶಕ್ತಿ ಅದು" ಅಂದಳು ಅತ್ತೆ.

ಟೀಚರ್ ಗಡಿಯಾರ ನೋಡಿ ಎದ್ದರು. ಚೀಲ ಹೆಗಲಿಗೇರಿಸಿದರು. "ನಿಧಾನಕ್ಕೆ ಮಾಡಿ ಗುರುಪಾದ ಅವರೇ, ಅವಸರ ಬೇಡ. ನಿಂತ ಮೇಲೆ ಫೋಟೋ ಕಳಿಸಿ, ಆಯ್ತಾ?" ಅಂತ ಅಂಗಡಿಯ ಮೆಟ್ಟಿಲು ಇಳಿದರು. ಒಂದು ಮೆಟ್ಟಿಲು. ಎರಡು ಮೆಟ್ಟಿಲು. ಇನ್ನೊಂದಿಳಿದರೆ ಬೀದಿ. ನೀಲಿ ಕೈಯಲ್ಲಿದೆ, ಕೇಳುವವರು ಯಾರೂ ಇಲ್ಲ.

"ಟೀಚರ್!" ಗುರುಪಾದ ಕೂಗಿದ ಜೋರಿಗೆ ಎದುರಂಗಡಿಯವರೂ ತಿರುಗಿ ನೋಡಿದರು. "ಹೋಗಬೇಡಿ. ಆ ಡಬ್ಬಿ ಕೊಡಿ ಇಲ್ಲಿ."

ಟೀಚರ್ ವಾಪಸು ಬಂದರು. ಗುರುಪಾದ ನೀಲಿಯನ್ನು ತಂದು ಅವರ ಕೈಯಲ್ಲೇ ಇಟ್ಟ.

"ಇದು ನಿಮ್ಮ ಹತ್ತಿರವೇ ಇರಲಿ. ನಾನು ಕೊಟ್ಟ ಬಿಳಿಯ ಹಣೆಯಲ್ಲಿ ಚುಕ್ಕೆ ಇದೆ. ಅದರ ಮೇಲೆ ಬಣ್ಣ ಬಳಿದಿದ್ದೀನಿ. ಬೆಳಿಗ್ಗೆ ಬಳಿದೆ. ನಿಮಗೆ ಕಾಣಬಾರದು ಅಂತಲೇ ಬಳಿದೆ." ಅಲ್ಲಿಗೆ ನಿಲ್ಲಿಸದೆ ಅತ್ತೆಯ ಕಡೆಗೂ ತಿರುಗಿದ. "ಅತ್ತೆ, ಬೆಳಿಗ್ಗೆ ಬಳಿದದ್ದು ಗಡಿಯಾರದ ಅಂಕಿ ಅಲ್ಲ. ನೀನು ಇಟ್ಟ ಬೊಟ್ಟಿನ ಮೇಲೆ ಬಿಳಿ."

  ಚೆನ್ನಾಜಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯಯ್ಯೋ, ನನ್ ಕೈ ಬಿದ್ದೋಗ! ಆಡೋ ಸಾಮಾನಿಗೆ ಕಲೆ ಮಾಡ್ಬುಟ್ನಾ? ನಿನ್ನೇನೇ ಒಂದ್ ಮಾತು ಬೈಬಾರ್ದಾಗಿತ್ತಾ ನನ್ನ?"

ಟೀಚರ್ ಚೀಲ ಇಳಿಸಿದರು. ಡಬ್ಬಿ ತೆಗೆದು ಬಿಳಿಯನ್ನು ಮೂಗಿನ ಹತ್ತಿರ ಹಿಡಿದರು. ಮೂಸಿ ನೋಡಿದರು. ಹುಬ್ಬು ಗಂಟಾಯಿತು. 

"ಯಾವ ಬಣ್ಣ ಇದು? ಬಣ್ಣ ತೆಳು ಮಾಡೋ ತಿನ್ನರ್ ಬೆರೆಸಿದ್ದಾ?"

"ಹೌದು ಟೀಚರ್."

"ಎಷ್ಟು ಗಂಟೆಗೆ ಹಚ್ಚಿದ್ದು?"

"ಒಂಬತ್ತಕ್ಕೆ."

"ಅಮ್ಮ, ಅಳ್ತಾ ನಿಲ್ಲಬೇಡಿ, ಓಡಿ. ಕೊಬ್ಬರಿ ಎಣ್ಣೆ ತನ್ನಿ, ಒಂದು ಮೆತ್ತನೆ ಬಟ್ಟೆ ತನ್ನಿ!" ಅಂದರು ಟೀಚರ್, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. "ಹಳೇ ಪ್ಲಾಸ್ಟಿಕ್ಕಿಗೆ ತಿನ್ನರ್ ಅಂದ್ರೆ ಗೆದ್ದಲು ಇದ್ದ ಹಾಗೆ ಕಣ್ರೀ. ಮೇಲೆ ನೋಡೋಕೆ ಚೆನ್ನಾಗೇ ಇರತ್ತೆ, ಅಡಿಯಲ್ಲಿ ತಿಂತಾ ಹೋಗತ್ತೆ. ನಾನು ಇದನ್ನ ತಗೊಂಡು ಹೋಗಿ ಬೀರುಲಿ ಇಟ್ಟಿದ್ರೆ ಇವನ ಮುಖಾನೇ ಕುಸಿದುಹೋಗ್ತಿತ್ತು. ಆಗ ನೀವು ಹೇಳಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ. ಈಗ ಹೇಳಿದ್ರಲ್ಲ, ಬದುಕ್ದ."

ಚೆನ್ನಾಜಮ್ಮ ಎಣ್ಣೆಯ ಬಟ್ಟಲು ಹಿಡಿದು ನಿಂತಳು. ಟೀಚರ್ ಎಣ್ಣೆ ತೊಟ್ಟಿಕ್ಕಿದರು. ಗುರುಪಾದ ಒರೆಸಿದ. ಈಗ ಅವನ ಕೈ ನಡುಗಲಿಲ್ಲ. ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂತು. ಅದರ ಜೊತೆಗೆ ಕುಂಕುಮದ ಎಣ್ಣೆಯೂ ಸ್ವಲ್ಪ ಬಂತು. ಕೊನೆಗೆ ಹಣೆಯ ಮೇಲೆ ಉಳಿದದ್ದು ಎಳ್ಳುಕಾಳಿನಷ್ಟು ಒಂದು ಗುಲಾಬಿ ಬೊಟ್ಟು. ಅದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಇಷ್ಟೇ ಟೀಚರ್" ಅಂದ ಗುರುಪಾದ. "ಇದನ್ನು ನಿಮಗೆ ಕೊಡೋಕೆ ನನಗೆ ಮುಖವಿಲ್ಲ. ಬೇಕಾದರೆ ನಮ್ಮ ದೊಡ್ಡವನ ಎದೆ ಬಿಚ್ಚಿಕೊಡ್ತೀನಿ. ಹಳದಿ ತಿರುಗಿದೆ, ಆದರೆ ಚುಕ್ಕೆ ಇಲ್ಲ."

"ಏನು, ಒಂದು ಕಾಲು ಕೊಟ್ಟು ಎದೆ ಕಿತ್ಕೊಂಡು ಹೋಗ್ಲಾ ನಾನು?" ಟೀಚರ್ ಗಹಗಹಿಸಿ ನಕ್ಕರು. "ನಮ್ಮನೇಲಿ ಇರೋರೆಲ್ಲ ರ‍್ಯಾಂಕ್ ಬಂದ ಹುಡುಗರ ಹಾಗೆ ಬಿಗಿಯಾಗಿ ನಿಂತಿರ್ತಾರೆ. ಪೂಜೆ ಮಾಡಿಸ್ಕೊಂಡು ಬಂದೋನು ಒಬ್ಬ ಇರ್ಲಿ. ನನ್ನದಕ್ಕೆ ಬಿರುಕು, ನಿಮ್ಮದಕ್ಕೆ ಬೊಟ್ಟು. ಸರಿಗೆ ಸರಿ ಆಯ್ತಲ್ಲ!" ಅಂತ ನೀಲಿಯನ್ನು ಮತ್ತೆ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಮೊದಲು ಕಾಲು ಹಾಕ್ರೀ. ನನ್ನ ಒಂದೂವರೆ ಬಸ್ಸು ಹೋಯ್ತು. ಇನ್ನು ನೋಡದೆ ಹೋಗೋಳಲ್ಲ ನಾನು."

ಗುರುಪಾದ ನೀಲಿಯ ಗೂಟವನ್ನು ತೂತಿಗಿಟ್ಟು ಮೆಲ್ಲಗೆ ಒತ್ತಿದ.

ಟಿಕ್.

ಹನ್ನೊಂದು ವರ್ಷದಲ್ಲಿ ಸಾವಿರ ಗಡಿಯಾರ ಟಿಕ್ ಅಂದದ್ದು ಕೇಳಿದ್ದ. ಇಂಥ ಟಿಕ್ ಒಂದೂ ಇರಲಿಲ್ಲ.

"ಅತ್ತೆ, ನಿನ್ನ ಪೊಟ್ಟಣ ತಗೋ."

ಚೆನ್ನಾಜಮ್ಮ ಬಗ್ಗಿ, ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಬೆಂಕಿಪೊಟ್ಟಣ ಎಳೆದಳು. ದೊಡ್ಡವನು ಒಂದಿಷ್ಟು ಆಡಿದ. ಮೂವರೂ ಕೈ ಚಾಚಿದರು. ಅವನು ಬೀಳಲಿಲ್ಲ. ಎರಡೂ ಕಾಲು ಊರಿ, ಎದೆ ಸೆಟೆದು, ಪೇಟೆಬೀದಿಯನ್ನೇ ನೋಡುತ್ತಾ ನಿಂತ. ಟೀಚರ್ ಶಾಲೆಯ ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು. ಎದುರಂಗಡಿಯವರು ಏನು ಎತ್ತ ಅಂತ ಓಡಿಬಂದರು. ಬಂದವರಿಗೆಲ್ಲ ಪುರಿ ಸಿಕ್ಕಿತು.

"ಈಗೊಂದ್ ಬೊಟ್ಟು ಇಡ್ಲಾ ಇವನಿಗೆ?" ಅಂದಳು ಚೆನ್ನಾಜಮ್ಮ ಮೆಲ್ಲಗೆ, ಅಳುಕುತ್ತಾ.

 ಗುರುಪಾದ ದೊಡ್ಡವನನ್ನು ಎತ್ತಿ ಅವಳ ಮುಂದೆ ಹಿಡಿದ. "ಎದೆ ಮೇಲಿಡು ಅತ್ತೆ, ಬಿಳಿಯನಿಗೇ ಇಡು. ಹಾಸನಕ್ಕೆ ಹೊರಟಿರೋ ತಮ್ಮನಿಗೆ ಇದೆ, ಇಲ್ಲಿರೋ ಅಣ್ಣನಿಗೆ ಬೇಡವಾ?"

ಅತ್ತೆ ಬೊಟ್ಟಿಟ್ಟಳು. ಆ ಸಂತೋಷಕ್ಕೆ ಎಲ್ಲರಿಗೂ ಕಾಫಿ ಕಾಯಿಸುತ್ತೀನಿ ಅಂತ ಒಲೆಯ ಹತ್ತಿರ ಹೋಗಿ, ಹನ್ನೊಂದು ವರ್ಷದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದಳು. ಮೊದಲನೇ ಕಡ್ಡಿ ಹತ್ತಲಿಲ್ಲ. ಎರಡನೆಯದು ಪುಸ್ ಅಂತು. ಮೂರನೆಯದು ಭಗ್ ಅಂತ ಹೊತ್ತಿಕೊಂಡಿತು.

"ನೋಡ್ದ್ಯಾ! ನಿಮ್ ರೋಬೋದಷ್ಟೇ ಗಟ್ಟಿ ನನ್ ಕಡ್ಡೀನೂ!" ಅಂತ ಒಳಗಿನಿಂದ ಕೂಗಿದಳು.

ಟೀಚರ್ ಮೂರೂವರೆ ಬಸ್ಸಿಗೆ ಹೋದರು. ಆ ಸಂಜೆ ಗುರುಪಾದ ತುಮಕೂರಿನವನ ನಂಬರ್ ಹುಡುಕಿ ಫೋನ್ ಮಾಡಿ, "ಆ ಗೀರಿರೋದು ಇನ್ನೂ ಇದೆಯಾ ಅಣ್ಣ? ಇದ್ದರೆ ನನಗೇ ಬೇಕು" ಅಂದ. ಮಾರನೆಯ ದಿನ ಹಾಸನದಿಂದ ಒಂದು ಫೋಟೋ ಬಂತು. ರಬ್ಬರ್ ಬ್ಯಾಂಡ್ ಇಲ್ಲದೆ, ಎದೆ ತುಂಬಿ, ಗುಲಾಬಿ ಬೊಟ್ಟಿಟ್ಟುಕೊಂಡು ಇನ್ನೊಬ್ಬ ದೊಡ್ಡವನು ಅಲ್ಲಿ ನಿಂತಿದ್ದ. ಅದನ್ನು ನೋಡಿ ಅತ್ತೆ ಅಂದದ್ದು ಒಂದೇ ಮಾತು.

"ನಮ್ಮ ಕಡೆ ಕೂಸು ಅಂತ ನೋಡಿದ್ ತಕ್ಷಣ ಗೊತ್ತಾಗ್ತದೆ, ಬುಡು."

ನೀತಿ: ನಮ್ಮಲ್ಲಿರುವ ಕುಂದನ್ನು ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟು ಹೇಳಿದರೆ, ಅದನ್ನು ಸರಿಮಾಡಲು ಇನ್ನೊಬ್ಬರ ಕೈಯೂ ಜೊತೆಗೆ ಸೇರುತ್ತದೆ. ಬಣ್ಣ ಬಳಿದು ಮುಚ್ಚಿಟ್ಟರೆ ಅದು ಕಾಣದ ಹಾಗೆ ಒಳಗಿನಿಂದಲೇ ತಿಂದುಹಾಕುತ್ತದೆ. 'ನನ್ನದರಲ್ಲಿ ಇಷ್ಟು ಐಬಿದೆ' ಅನ್ನುವವರಿಬ್ಬರು ಸೇರಿದ ಕಡೆ, ಕಾಲಿಲ್ಲದವನಿಗೆ ಕಾಲು ಬರುತ್ತದೆ, ಎದೆಯಿಲ್ಲದವನಿಗೆ ಎದೆ ಬರುತ್ತದೆ.